ಶನಿವಾರದ ಪೆಟ್ರೋಲ್

ನಾನು ಓಡಿಸಿದ ಕಾರುಗಳಲ್ಲಿ ಪಿಸ್ಟನ್ ಇಲ್ಲದ್ದು ಒಂದೇ. ಪಿರಿಯಾಪಟ್ಟಣದ ಹೊರಗೆ, ಹೊಗೆಸೊಪ್ಪಿನ ಹೊಲಗಳ ನಡುವಿನ ಮನೆಯೊಂದರಲ್ಲಿ ಅದಿತ್ತು. ಆ ಮನೆಯ ಯಜಮಾನರು ಹಡಗಿನಲ್ಲಿ ಎಂಜಿನಿಯರ್ ಆಗಿದ್ದವರು. ನಿವೃತ್ತರಾಗಿ ಊರಿಗೆ ಬರುವಾಗ ಜಪಾನಿನ ಈ ಕೆಂಪು ಕಾರನ್ನೂ ತಂದಿದ್ದರು. ಅದರ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಆಡುವುದು ಏನೂ ಇಲ್ಲ. ಸಮೋಸದ ಆಕಾರದ ಲೋಹದ ತುಂಡು ಒಳಗೆ ಗಿರಗಿರ ಸುತ್ತುತ್ತದೆ. ಇದನ್ನು ನಮ್ಮೂರಿನ ಮೆಕ್ಯಾನಿಕ್‌ಗಳಿಗೆ ವಿವರಿಸಿದರೆ ಅವರು ಮೊದಲು ನಾನು ಕುಡಿದಿದ್ದೇನೋ ಎಂದು ಮೂಸಿ ನೋಡುತ್ತಿದ್ದರು.

ಯಜಮಾನರು ತೀರಿಕೊಂಡ ಮೇಲೆ, ಎರಡು ಸಾವಿರದ ನಾಲ್ಕರ ಸುಮಾರಿಗೆ, ಅವರ ಹೆಂಡತಿ ನನ್ನನ್ನು ಡ್ರೈವರಾಗಿ ಇಟ್ಟುಕೊಂಡರು. ಅಮ್ಮಾವ್ರು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ರಿಟೈರ್ ಆದವರು. ಮಾತು ಜಾಸ್ತಿ. ಗೇರ್ ಬದಲಿಸಿದರೂ ಯಾಕೆ ಎಂದು ಕೇಳುತ್ತಿದ್ದರು, ನಾನು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ಕೊಡುತ್ತಿದ್ದರು.

ಕೆಲಸಕ್ಕೆ ಸೇರುವಾಗ ಒಂದೇ ಷರತ್ತು. ಈ ಕಾರಿಗೆ ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲೇ ಆಗಬೇಕು, ಅದು ಸಿಗುವುದು ಮೈಸೂರಿನ ಒಂದು ಬಂಕಿನಲ್ಲಿ.

"ನಮ್ಮ ಯಜಮಾನ್ರು ಪ್ರತಿ ಶನಿವಾರ ಬೆಳಿಗ್ಗೆ ಮೈಸೂರಿಗೆ ಹೋಗಿ ಹಾಕಿಸ್ಕೊಂಡು ಸಾಯಂಕಾಲ ಬರೋರು. ಒಂದು ವಾರನೂ ತಪ್ಪಿಸಿಲ್ಲ. ನೀನೂ ತಪ್ಪಿಸಬೇಡ ಕಣಪ್ಪ."

ನಾನೂ ತಪ್ಪಿಸಲಿಲ್ಲ. ಹೋಗಿ ಬರುವುದಕ್ಕೇ ಅರ್ಧ ಟ್ಯಾಂಕ್ ಮುಗಿಯುತ್ತಿತ್ತು. ಪೆಟ್ರೋಲ್ ತರಲು ಪೆಟ್ರೋಲ್ ಸುಡುವ ಈ ಲೆಕ್ಕ ಗಣಿತದ ಮೇಷ್ಟ್ರಮ್ಮನಿಗೆ ಹೊಳೆಯದೆ ಇರಲಿಲ್ಲ. ಆದರೆ ಅದು ಗಂಡ ಬಿಟ್ಟುಹೋದ ಲೆಕ್ಕ.

ಒಂದು ವಾರ ಅಮ್ಮಾವ್ರ ತಂಗಿಯನ್ನು ಎಚ್.ಡಿ. ಕೋಟೆಗೆ ಬಿಟ್ಟು ಬಂದಿದ್ದೆ. ಹಾಗಾಗಿ ಶನಿವಾರ ಮೈಸೂರಿಗೆ ಹೊರಟಾಗ ಕಂಪಲಾಪುರದ ಹತ್ತಿರವೇ ಟ್ಯಾಂಕ್ ತಳ ಕಂಡಿತು. ವಿಧಿಯಿಲ್ಲದೆ ಅಲ್ಲಿನ ಬಂಕಿಗೆ ನುಗ್ಗಿಸಿ, ಕಳ್ಳಮಾಲು ಕೇಳುವವನ ಹಾಗೆ ಮೆಲ್ಲಗೆ ಐದು ಲೀಟರ್ ಸಾದಾ ಪೆಟ್ರೋಲ್ ಕೇಳಿದೆ. ಬಂಕಿನವನು ಅದರ ಜೊತೆಗೆ, ಮೊಪೆಡ್‌ಗೆ ಹಾಕುವ ಆಯಿಲನ್ನೂ ಒಂದಿಷ್ಟು ಸುರಿದ. ನಾನು ಚೀರಿಕೊಂಡೆ.

"ಯಾಕ್ಲಾ ಅಂಗೆ ಬಡ್ಕೋತೀಯ? ಸಾಹೇಬ್ರು ವಾರವಾರ ಇಲ್ಲೇ ಇಂಗೇ ಆಕುಸ್ತಿದ್ರು. ಈ ಇಂಜಿನ್ನಿಗೆ ಒಸಿ ಆಯಿಲ್ ಬೇಕು, ಪೆಟ್ರೋಲ್ ಯಾವ್ದಾದ್ರೂ ನಡೀತದೆ ಅಂತ ಅವ್ರೇ ಏಳಿದ್ದು ಕಣ್ಲಾ."

"ಅವ್ರು ಮೈಸೂರಿಗೆ ಹೋಗ್ತಿರ್ಲಿಲ್ವಾ?"

"ಮೈಸೂರ್ಗೆ ಯಾಕೋದಾರು? ಚುಂಚನಕಟ್ಟೆಗೆ ಓಯ್ತಿದ್ರು. ಸಂಜೆ ಇಂಗೇ ವಾಪಸ್ ಬತ್ತಿದ್ರು."

ಆಕ್ಟೇನ್ ಎಂದರೆ, ಒತ್ತಡಕ್ಕೆ ಸಿಕ್ಕ ಪೆಟ್ರೋಲ್ ಕಿಡಿ ಬೀಳುವ ಮೊದಲೇ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಎಂಬುದರ ಅಳತೆ. ಸುತ್ತುವ ಎಂಜಿನ್ನಿಗೆ ಆ ತಾಪತ್ರಯ ಕಡಿಮೆ ಎಂದು ಆಮೇಲೆ ತಿಳಿದುಕೊಂಡೆ. ಅವತ್ತು ಮಾತ್ರ ಎಂಜಿನ್ ಈಗ ಸಿಡಿಯುತ್ತದೆ, ಆಗ ಸಿಡಿಯುತ್ತದೆ ಎಂದು ಕಿವಿಗೊಟ್ಟುಕೊಂಡೇ ಹುಣಸೂರು ದಾಟಿದೆ. ಏನೂ ಆಗಲಿಲ್ಲ. ಕಾರು ಮೊದಲಿನಷ್ಟೇ ಚೆನ್ನಾಗಿ ಓಡಿತು.

ಅಮ್ಮಾವ್ರ ಹತ್ತಿರ ಬಾಯಿ ಬಿಡಲಿಲ್ಲ. ಮೈಸೂರು ಎಂದು ಹೇಳಿ ವಾರಕ್ಕೊಮ್ಮೆ ಕಾವೇರಿ ದಂಡೆಯ ಚುಂಚನಕಟ್ಟೆಗೆ ಹೋಗುವ ಗಂಡಸಿನ ವಿಷಯದಲ್ಲಿ ನನ್ನ ತಲೆಗೆ ಬಂದದ್ದೇ ಅವರ ತಲೆಗೂ ಬಂದೀತು ಎಂದು ಹೆದರಿದೆ. ಮುಂದಿನ ಶನಿವಾರಗಳಲ್ಲೂ ನಿಷ್ಠೆಯಿಂದ ಮೈಸೂರಿಗೇ ಹೋಗಿಬಂದೆ.

ಆರು ತಿಂಗಳ ನಂತರ ಮೈಸೂರಿನ ಆ ಬಂಕಿನವರು ಅಂಥ ಪೆಟ್ರೋಲ್ ತರಿಸುವುದನ್ನೇ ನಿಲ್ಲಿಸಿದರು. ಅಮ್ಮಾವ್ರು ಎರಡು ದಿನ ಯೋಚಿಸಿ ಕಾರು ಮಾರುವುದೆಂದು ತೀರ್ಮಾನಿಸಿದರು. ಕೊಳ್ಳಲು ಬಂದವನು ಕೆ.ಆರ್. ನಗರದ ಗುಜರಿಯವನು, ಬಿಚ್ಚಿ ತೂಕಕ್ಕೆ ಹಾಕುವವನು. ಅಮ್ಮಾವ್ರು ದಿನಾ ಸಂಜೆ ಶೆಡ್ಡಿಗೆ ಹೋಗಿ, ನಿಂತ ಕಾರಿನ ಮುಂದಿನ ಸೀಟಿನಲ್ಲಿ ಕೂತು ಪೇಪರ್ ಓದುತ್ತಿದ್ದದ್ದನ್ನು ನಾನು ನೋಡಿದ್ದೆ.

"ಅವರು ಹಾಕ್ತಿದ್ದದ್ದನ್ನ ಹಾಕೋಕೆ ಆಗಲ್ಲ ಅಂದ್ಮೇಲೆ, ಇಟ್ಕೊಂಡು ಕೆಡಿಸಬಾರದು" ಎಂದು ಕಣ್ಣೊರೆಸಿಕೊಂಡರು. ನನಗೆ ತಡೆಯಲಾಗಲಿಲ್ಲ. ಬಂಕಿನವನು ಹೇಳಿದ್ದನ್ನೆಲ್ಲ ಹೇಳಿಬಿಟ್ಟೆ, ಚುಂಚನಕಟ್ಟೆಯನ್ನೂ ಸೇರಿಸಿ.

ಅಮ್ಮಾವ್ರು ಗುಜರಿಯವನನ್ನು ವಾಪಸ್ ಕಳಿಸಿದರು. ಶನಿವಾರ ಬೆಳಿಗ್ಗೆ ಇಸ್ತ್ರಿ ಸೀರೆ ಉಟ್ಟು ಬಂದು ಕಾರಿನಲ್ಲಿ ಕೂತು, "ನಡಿ, ನೋಡೇ ಬಿಡೋಣ" ಎಂದರು. ದಾರಿಯುದ್ದಕ್ಕೂ ಮಾತಾಡಿದರು. ಯಾವುದೂ ಗಂಡನ ವಿಷಯವಲ್ಲ.

ಚುಂಚನಕಟ್ಟೆಯಲ್ಲಿ ಕಾರನ್ನು ಕಂಡದ್ದೇ ಟೀ ಅಂಗಡಿಯ ಮುದುಕ ಎದ್ದು ಬಂದ. ಅಮ್ಮಾವ್ರು ನೇರವಾಗಿ ಕೇಳಿದರು.

"ಬತ್ತಿದ್ರು ಕಣವ್ವ. ಆ ಮರದ ಕೆಳಗೆ ನಿಲ್ಲುಸ್ಕೊಂಡು, ಸೀಟು ಒರಗುಸ್ಕೊಂಡು ಕಾವೇರಿ ನೋಡ್ತಾ ಕೂತಿರೋರು. ಎರಡು ಟೀ, ಒಂದು ಬನ್ನು. ಹೊತ್ತು ಇಳಿದ್ಮೇಲೆ ಓಗೋರು."

"ಜೊತೇಲಿ ಯಾರು?"

"ಯಾರಿಲ್ಲ. ಒಬ್ಬರೇ. ನಮ್ ಜೊತೇಲೂ ಮಾತಿಲ್ಲ."

ಬದುಕಿದೆ ಎಂದುಕೊಂಡು ಅಮ್ಮಾವ್ರ ಮುಖ ನೋಡಿದೆ. ಅವರಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ. ಆ ಮರದ ಕೆಳಗೇ ಕಾರು ನಿಲ್ಲಿಸಲು ಹೇಳಿದರು. ಸೀಟು ಒರಗಿಸಿಕೊಂಡರು. ಅರ್ಧ ಗಂಟೆಯಾದರೂ ಒಂದು ಮಾತಿಲ್ಲ. ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಟೀ ತಂದುಕೊಟ್ಟೆ. ಕುಡಿಯಲಿಲ್ಲ.

"ಕರೆದಿದ್ರೆ ನಾನೂ ಹಿಂಗೇ ಬಾಯಿ ಮುಚ್ಕೊಂಡು ಕೂತಿರ್ತಿದ್ದೆ ಕಣಪ್ಪ" ಎಂದರು.