ದಾನೇಶ್ವರಿಯ ಸರದಿ

ದಾನೇಶ್ವರಿ ತೀರಿಹೋಗಿ ವರ್ಷವಾಯಿತು. ಭಾಗ್ಯನಗರದಲ್ಲಿ ಸೀರೆಗೆ ಫಾಲ್ಸ್ ಹಚ್ಚಿ, ಕುಚ್ಚು ಕಟ್ಟಿ ಬದುಕಿದ ಹೆಂಗಸು. ಮಾತು ಖಡಕ್ಕು, ತಾಳ್ಮೆ ಕಡಿಮೆ. ಅಂಥವಳು ಮಠದಲ್ಲಿ ಕೇಳಿಸಿಕೊಳ್ಳುವ ಕೂಟ ಕಟ್ಟಿದಳೆಂದರೆ ಈಗಲೂ ಹೊರಗಿನವರು ನಂಬುವುದಿಲ್ಲ.

ಸೋಮವಾರ ಸಂಜೆ ಭಜನೆ ಮುಗಿದ ಮೇಲೆ ಎಲ್ಲರೂ ಸುತ್ತಲೂ ಕೂರಬೇಕು. ಒಬ್ಬರು ತಮ್ಮ ಸುಖದುಃಖ ಹೇಳಬೇಕು, ಉಳಿದವರು ಸುಮ್ಮನೆ ಕೇಳಬೇಕು. ಬುದ್ಧಿ ಹೇಳುವಂತಿಲ್ಲ, ಔಷಧ ಹೇಳುವಂತಿಲ್ಲ. ಇಷ್ಟೇ ಕಟ್ಟಳೆ. ಇಷ್ಟನ್ನೂ ಯಾರೂ ಪಾಲಿಸಲಿಲ್ಲ. ಒಬ್ಬರು ಮೊಣಕಾಲು ನೋವೆಂದರೆ ನಾಲ್ಕೂ ಕಡೆಯಿಂದ ಎಣ್ಣೆಗಳ ಹೆಸರು ಬರುತ್ತಿದ್ದವು. ಸೊಸೆಯ ಮಾತೆತ್ತಿದರೆ ಅಲ್ಲೇ ಪಂಚಾಯ್ತಿ. ಯಾರಾದರೂ ಅತ್ತರಂತೂ ಮುಗಿಯಿತು. ಹಾರ್ಮೋನಿಯಂ ಪೇಟಿ ನುಡಿಸುವ ವಿರೂಪಾಕ್ಷಪ್ಪ ಕಣ್ಣೀರು ಕಂಡ ಕೂಡಲೇ ಒಂದು ಭಜನೆಯ ಪದ ಎತ್ತಿಬಿಡುತ್ತಿದ್ದ. ಜನ ತಾಳ ಹಿಡಿಯುತ್ತಿದ್ದರು. ಅಳುವವರ ಅಳು ಅದರಲ್ಲೇ ಮುಳುಗಿ ಹೋಗುತ್ತಿತ್ತು.

“ಕೇಳಾಕಂತ ಕೂಡಿಸೀನಿ, ಕಚೇರಿ ಮಾಡಾಕಲ್ಲ,” ಎಂದು ದಾನೇಶ್ವರಿ ಸಿಡುಕುತ್ತಿದ್ದಳು.

“ಒಬ್ರು ಅಳೂವಾಗ ಸುಮ್ಮ ಕುಂದ್ರೂದು ಹೆಂಗ್ರಿ ಅಕ್ಕಾರ? ಜೀವ ತಡಿಯಂಗಿಲ್ಲ,” ಎನ್ನುತ್ತಿದ್ದ ಅವನು.

ಹೊಟ್ಟೆಯೊಳಗಿನ ಗಡ್ಡೆ ಕ್ಯಾನ್ಸರ್ ಎಂದು ಡಾಕ್ಟರು ಹೇಳಿದ ಮೇಲೆ ಅವಳ ಗಂಡ ಕೊಟ್ರೇಶ “ಏನೂ ಆಗಂಗಿಲ್ಲ” ಎಂಬುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಅವಳು ಬಾಯಿ ತೆರೆದರೆ ಸಾಕು, ಏನೂ ಆಗಂಗಿಲ್ಲ. ಆಪರೇಷನ್ನಿಗೆ ಹೋಗುವ ಮೊದಲು ಒಳಗಿನ ಹೆದರಿಕೆಯನ್ನು ಒಮ್ಮೆ ಪೂರ್ತಿ ಹೇಳಿಕೊಳ್ಳಬೇಕಿತ್ತು. ಅದಕ್ಕೆ ಇದ್ದದ್ದು ತಾನೇ ಕಟ್ಟಿದ ಕೂಟ ಒಂದೇ.

“ಇವತ್ತ ನಂದ ಒಂದ್ ಮಾತ ಹೇಳೂದೈತಿ,” ಎಂದಳು ಒಂದು ಸೋಮವಾರ.

ದಾಸೋಹಕ್ಕೆ ಯಾವ ಓಣಿಯವರು ರೊಟ್ಟಿ ತರಬೇಕೆಂದು ಸಾರುವವಳೂ ಅವಳೇ. ಹಾಗಾಗಿ ಇದೂ ಅದೇ ಮಾತೆಂದುಕೊಂಡು ಹಳೆಯ ಗೆಳತಿ ಅಮರಮ್ಮ ತಟ್ಟನೆ ಅಡ್ಡ ಬಂದಳು: “ಈ ಸಲ ನಮ್ಮ ಓಣಿ ಅಲ್ಲಬೇ! ಹ್ವಾದ ಸಲ ನಾವ ತಂದೀವಿ.”

“ಸಜ್ಜಿವೊ, ಜ್ವಾಳದ್ವೊ?” ಎಂದಿತು ಇನ್ನೊಂದು ದನಿ.

ರೊಟ್ಟಿಯ ಜಗಳದಲ್ಲೇ ಹೊತ್ತು ಹೋಯಿತು. ಮುಂದಿನ ಸೋಮವಾರವೂ ಅದೇ ಗತಿ. ಕಡೆಗೆ, ಆಪರೇಷನ್ನಿನ ವಾರ, ಅವಳು ಪೀಠಿಕೆಯನ್ನೇ ಬಿಟ್ಟಳು.

“ನನಗ ಕ್ಯಾನ್ಸರ್ ಐತಿ. ಗುರುವಾರ ಆಪರೇಷನ್.”

“ಅಯ್ಯ ಶಿವನ! ಬೇವೂರಾಗ ಯಾರೋ ಬೇರು ಕೊಡ್ತಾರಂತ...”

“ಹನುಮನಹಳ್ಳಿಗಿ ಹೋಗಿ ದೇವರ ಗುಡ್ಡ ಹತ್ತಿ ಬರ್ರಿ, ಎಲ್ಲಾ ಛಲೋ ಆಕ್ಕೈತಿ.”

“ನಮ್ಮ ಮಾವಗೂ ಆಗಿತ್ತರಿ, ಈಗ ಕುರಿ ಕಾಯಾಕ ಹೊಂಟಾನ!”

ವಿರೂಪಾಕ್ಷಪ್ಪನ ಕೈ ಪೇಟಿಯ ತಿದಿಗೆ ಹೋಯಿತು.

“ಮುಚ್ಚೋ ಆ ಪೇಟಿ!” ದಾನೇಶ್ವರಿ ಎದ್ದೇ ನಿಂತಳು. “ನಾ ಔಷಧಾ ಕೇಳೀನೇನು? ಹಾಡು ಕೇಳೀನೇನು? ನಿಮ್ಮ ಮೊಣಕಾಲು, ನಿಮ್ಮ ಸೊಸ್ತೇರು, ಎಲ್ಲಾ ಕೇಳಿ ಕೇಳಿ ನನ್ನ ಕಿವಿ ಸವದಾವು. ನನ್ನ ಮಾತ ಒಂದ್ ಗಳಿಗಿ ಕೇಳಾಕ ಆಗಂಗಿಲ್ಲೇನು ನಿಮಗ?”

ಎಲ್ಲರೂ ತಣ್ಣಗಾದರು. ಅವಳು ಕೂತು ಹೇಳತೊಡಗಿದಳು. ಭಾಳ ಅಂಜಿಕೆಯಾಗಿದೆ. ಮಂಪರಿನ ಸೂಜಿ ಚುಚ್ಚಿದ ಮೇಲೆ ಏಳದೇ ಹೋದರೆ? ಕೊಟ್ರೇಶನಿಗೆ ನೆಟ್ಟಗೆ ಚಹಾ ಮಾಡಲಿಕ್ಕೂ ಬಾರದು. ಯಾರದೋ ಮದುವೆಯ ಸೀರೆಗಳು ಕುಚ್ಚಿಲ್ಲದೆ ಅಂಗಡಿಯಲ್ಲೇ ಬಿದ್ದಿವೆ. ದೇವರ ಮೇಲೂ ಸಿಟ್ಟು ಬಂದಿದೆ, ಕೈ ಮುಗಿಯಲು ಮನಸ್ಸಾಗುತ್ತಿಲ್ಲ. ಮಠದೊಳಗೇ ಕೂತು ಹೀಗೆಂದಾಗಲೂ ಯಾರೂ ತುಟಿ ಬಿಚ್ಚಲಿಲ್ಲ. ಅಮರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

ಹೇಳುವುದೆಲ್ಲ ಮುಗಿಯಿತು. ಆಗಲೂ ಯಾರೂ ಮಾತಾಡಲಿಲ್ಲ. ದಾನೇಶ್ವರಿಗೆ ಅದನ್ನೂ ಸಹಿಸಲಾಗಲಿಲ್ಲ.

“ಏನರ ಮಾತಾಡ್ರೆಪ್ಪಾ! ಕಲ್ಲಾದಂಗ ಕುಂತೀರಿ.”

“ನೀನ ಬ್ಯಾಡ ಅಂದ್ಯಲ್ಲಬೇ,” ಎಂದಳು ಅಮರಮ್ಮ.

“ಈಗ ಮಾತಾಡು ಅಂತೀನಿ.”

ಅಮರಮ್ಮ ಏನೇನೋ ಹೇಳಲು ಹೋಗಿ ಎಲ್ಲವನ್ನೂ ನುಂಗಿಕೊಂಡಳು. “ನನಗೂ ಅಂಜಿಕಿ ಆಗೈತಿ, ದಾನವ್ವಾ.”

ಎಲ್ಲರ ಅಳುವನ್ನೂ ಕಾಪಾಡಲು ಜಗಳಾಡಿದ ದಾನೇಶ್ವರಿ ಆ ಮಠದಲ್ಲಿ ತಾನು ಅತ್ತದ್ದು ಅದೇ ಮೊದಲು. ರಾತ್ರಿ ಬಾಗಿಲು ಹಾಕಲು ಬಂದ ಮಠದ ಆಳು ಹೊಸ್ತಿಲಲ್ಲೇ ನಿಂತ. ಯಾರೂ ಏಳದಿರುವುದನ್ನು ಕಂಡು, ಬೀಗ ಹಿಡಿದುಕೊಂಡೇ ಅವನೂ ಕೂತ.