ದೊಡ್ಡ ಬಾಜಾಕ್ಕೆ ಅಪ್ಪ ತಂದ ತೊಗಲು

ಜಹೀರಾಬಾದಿನ ಶಾಲೆಗೆ ನಾನು ಕೆಲಸಕ್ಕೆ ಸೇರಿದ ಹೊಸತು. ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಹಿರಿಯ ಅಕ್ಕೋರು ಭಾನುವಾರ ಹಳೆಯ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಗೋಡೆಯೆತ್ತರ ಕೊಳವೆಗಳಿದ್ದ ಆ ವಾದ್ಯವನ್ನು ಸುತ್ತಲಿನವರು ‘ದೊಡ್ಡ ಬಾಜಾ’ ಎನ್ನುತ್ತಿದ್ದರು. ಒಂದು ಮಳೆಗಾಲ ಅದು ಮೂಕವಾಯಿತು.

“ಗಾಳಿ ತುಂಬೋ ತಿದಿ ಹರದದ,” ಎಂದರು ಅಕ್ಕೋರು. ಹೈದರಾಬಾದಿನಿಂದ ಬಂದ ರಿಪೇರಿಯವನು ತೆಳ್ಳಗಿನ, ತೂತಿಲ್ಲದ ಕುರಿ ತೊಗಲು ಬೇಕೆಂದಿದ್ದನಂತೆ. ಪೇಟೆಯಲ್ಲಿ ಸಿಕ್ಕಿದ್ದೆಲ್ಲ ದಪ್ಪ.

ನಮ್ಮಪ್ಪ ನ್ಯಾಲ್ಕಲ್ ಕಡೆ ಕುರಿ ಸಾಕುವವನು. ಅವನಿಗೆ ಹೇಳಿದೆ. ಕೆಲವು ವಾರ ಬಿಟ್ಟು, ಹದ ಮಾಡಿಸಿದ ಎರಡು ತೊಗಲನ್ನು ಕಂಬಳಿಯಲ್ಲಿ ಸುತ್ತಿಕೊಂಡು ಜೀಪಿನಿಂದ ಇಳಿದ. ಚರ್ಚಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಅಲ್ಲೇ ನಿಂತ.

“ಒಳಗ ಬರ್ರಿ ಅಣ್ಣಾ,” ಎಂದರು ಅಕ್ಕೋರು.

“ನಾ ಬರಬಹುದೇನ್ರಿ? ಮೈಯೆಲ್ಲಾ ಕುರಿ ವಾಸನಿ ಅದ.”

“ನೀವು ತಂದ ತೊಗಲಿಂದೂ ಅದೇ ವಾಸನಿ ಅದರಿ, ಬರ್ರಿ.”

ರಿಪೇರಿಯವನೂ ಹೈದರಾಬಾದಿನಿಂದ ಮತ್ತೆ ಬಂದಿದ್ದ. ಎರಡು ದಿನದ ಕೆಲಸ. ಅಪ್ಪ ಊರಿಗೆ ಹೋಗದೆ ನನ್ನ ಕೋಣೆಯಲ್ಲೇ ಉಳಿದ. ರಿಪೇರಿಯವನ ಎದುರು ಕೂತು, ತೊಗಲು ಯಾವ ಕಡೆ ಎಳೆದರೆ ಹಿಗ್ಗುತ್ತದೆ ಎಂದು ತನ್ನ ಉರ್ದುವಿನಲ್ಲಿ ಹೇಳಿಕೊಟ್ಟ. ಎರಡನೆಯ ಸಂಜೆ ತಿದಿ ಉಬ್ಬಿತು. ಅಕ್ಕೋರು ಒಂದೊಂದೇ ಸ್ವರ ಒತ್ತುತ್ತ ಹೋದರು. ಒಂದು ಸಣ್ಣ ಕೊಳವೆ ಕೂಗಿದ್ದೇ ಅಪ್ಪ ಎದ್ದು ನಿಂತ.

“ತಡೀರಿ, ತಡೀರಿ! ಇದು ನಾ ಕುರಿ ಕರೆಯೋ ಸೀಟಿ ಅದ!”

ತುಟಿ ಚೂಪು ಮಾಡಿ ಊದಿದ. ಅದೇ ಸ್ವರ. ಅಕ್ಕೋರು ಮತ್ತೊಂದು ಒತ್ತಿದರು, ಅಪ್ಪ ಅದನ್ನೂ ಊದಿದ. ಇಬ್ಬರೂ ಸ್ವರದಿಂದ ಸ್ವರಕ್ಕೆ ಮೇಲೆ ಹತ್ತಿದರು, ಕೆಳಗಿಳಿದರು. ಕೊನೆಗೆ ದಮ್ಮು ಸಾಲದೆ ಅಪ್ಪ ಬೆಂಚಿನ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಅವ್ವ ಹೋದ ಮೇಲೆ ಅವನು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಅದಾದ ಮೇಲೆ ಅಪ್ಪ ಇನ್ನೂ ನಾಲ್ಕು ವರ್ಷ ಇದ್ದ. ಸಂತೆಗೆ ಬಂದಾಗಲೆಲ್ಲ ಮೊದಲು ಚರ್ಚಿಗೆ ಹೋಗಿ, “ಬಾಜಾ ಹ್ಯಾಂಗ ಅದರಿ?” ಎಂದು ವಿಚಾರಿಸುತ್ತಿದ್ದ. ಮೆಟ್ಟಿಲ ಮೇಲೆ ಅಕ್ಕೋರ ಜೊತೆ ಕೂತು ಚಹಾ ಕುಡಿದು, ಆಮೇಲೆ ನನ್ನ ಕೋಣೆಗೆ ಬರುತ್ತಿದ್ದ. ತಡವಾಯಿತಲ್ಲ ಎಂದು ನಾನು ಸಿಡುಕುತ್ತಿದ್ದೆ.

ಈಗ ಅಕ್ಕೋರೂ ಇಲ್ಲ. ಅವರ ಸೊಸೆ ನುಡಿಸುತ್ತಾಳೆ. ಕೆಲವು ಭಾನುವಾರ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತೇನೆ. ಆ ಮೆಟ್ಟಿಲ ಮೇಲೆ ಅಪ್ಪ, ಅಕ್ಕೋರು ಅಷ್ಟು ಹೊತ್ತು ಏನು ಮಾತಾಡುತ್ತಿದ್ದರೋ, ನಾನು ಒಮ್ಮೆಯೂ ಕೇಳಲಿಲ್ಲ.