ಕುದುರೆಗೆ ಹುಕ್ ಹಾಕಲು ಹೋದವನು

ಕಳೆದ ಭಾನುವಾರ ಹೆಂಡತಿಯನ್ನು ಕುದುರೆಗೆ ಕಟ್ಟಿಹಾಕಲು ಹೋಗಿ ಪೆಚ್ಚಾದೆ.

ಗಾಬರಿಯಾಗಬೇಡಿ, ಹೇಳುತ್ತೇನೆ. ನನ್ನ ಹೆಂಡತಿ ಸುಮಾಗೆ ನಲವತ್ತಾರು ವಯಸ್ಸು. ಶಾಲೆಯಲ್ಲಿ ಗಣಿತ ಟೀಚರ್. ಹೊಸೂರಿನ ಆಲಸನತ್ತಂನ ನಮ್ಮ ಬೀದಿಯ ಹೆಂಗಸರೆಲ್ಲ ಯೋಗಕ್ಕೆ ಸೇರಿದರೆ, ಇವಳು ಸೂಳಗಿರಿ ದಾಟಿ ಯಾವುದೋ ತೋಟದಲ್ಲಿ ಕುದುರೆ ಸವಾರಿಗೆ ಸೇರಿದಳು. ಯಾಕೆ ಅಂದರೆ, "ಚಿಕ್ಕಂದಿನಿಂದ ಆಸೆ" ಅಂದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಈ ಆಸೆ ಎಲ್ಲಿ ಅಡಗಿ ಕೂತಿತ್ತೋ ನನಗಂತೂ ಗೊತ್ತಿಲ್ಲ.

ಹತ್ತಲಿ ಬಿಡಿ. ಆದರೆ ಅವಳು ಹತ್ತುವ ಚಿನ್ನು ಎಂಬ ಹೆಣ್ಣು ಕುದುರೆಗೆ ಒಂದು ಚಟವಿದೆ. ಇದ್ದಕ್ಕಿದ್ದಂತೆ ತಲೆ ತಗ್ಗಿಸಿ, ಬೆನ್ನು ಬಗ್ಗಿಸಿ, ಹಿಂಗಾಲು ಎರಡನ್ನೂ ಮೇಲಕ್ಕೆ ಝಾಡಿಸುತ್ತದೆ. ಅದರ ಹಿಂದಿನ ವಾರ ಕಣ್ಣಾರೆ ನೋಡಿದೆ. ಅಂದಿನಿಂದ ಊಟ ರುಚಿಸಲಿಲ್ಲ.

ನನ್ನ ಕಸುಬನ್ನೂ ಹೇಳಿಬಿಡುತ್ತೇನೆ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಸೇಫ್ಟಿ ಆಫೀಸರ್. ಪ್ರತಿ ಸೋಮವಾರ ಎತ್ತರಕ್ಕೆ ಹತ್ತುವ ಕೆಲಸಗಾರರನ್ನು ನಿಲ್ಲಿಸಿಕೊಂಡು ಮೂರು ಭಾಷೆಯಲ್ಲಿ ಒಂದೇ ಮಾತು ಹೇಳುತ್ತೇನೆ. ಹುಕ್ ಹಾಕು, ಹುಕ್ ಮಾಟ್ಟು, ಹುಕ್ ತಗಿಲಿಂಚು. ಆಮೇಲೆ ಹತ್ತು. ಕುದುರೆಯ ಬೆನ್ನನ್ನು ಟೇಪ್ ಹಿಡಿದು ಅಳೆದೆ (ಅದಕ್ಕೆ ಇಷ್ಟವಾಗಲಿಲ್ಲ). ಹತ್ತಿರ ಹತ್ತಿರ ಐದಡಿ. ಅದರ ಮೇಲೆ ನನ್ನ ಹೆಂಡತಿ. ಇದು ಎತ್ತರದ ಕೆಲಸವಲ್ಲದೆ ಇನ್ನೇನು?

ಹಾಗಾಗಿ ಭಾನುವಾರ ಸೇಫ್ಟಿ ಬೆಲ್ಟ್ ತೆಗೆದುಕೊಂಡು ಹೋದೆ. ಭುಜ, ಎದೆ, ತೊಡೆಗೆಲ್ಲ ಪಟ್ಟಿ. ಬೆನ್ನಿನಲ್ಲಿ ಆರಡಿ ಹಗ್ಗ, ತುದಿಯಲ್ಲಿ ದೊಡ್ಡ ಹುಕ್.

ಸವಾರಿ ಕಲಿಸುವ ಮಾರಪ್ಪ ನಾಟ್ರಾಂಪಾಳ್ಯದ ಕಡೆಯವರು. ಅರವತ್ತು ದಾಟಿದೆ. ಬೆಲ್ಟನ್ನು ತಿರುವಿ ಮುರುವಿ ನೋಡಿದರು.

"ಇದ್ಯಾಕ್ ಸಾರ್?"

"ಜೀನಿಗೆ ಹುಕ್ ಹಾಕ್ತೀನಿ. ಎಷ್ಟು ಕುಣಿದ್ರೂ ಇವಳು ಬೀಳಲ್ಲ."

"ಅಯ್ಯೋ, ಬ್ಯಾಡ ಸಾರ್! ಕಟ್ಟಾಕ್ಬುಟ್ಟು, ಕುದ್ರೆನೇ ಉಳ್ಳಾಡ್ಬುಟ್ರೆ? ಅಮ್ಮನೂ ಅದ್ರಡಿಗೇ ಹೋಯ್ತಾರೆ."

ನಾನು ಬಿಡುವ ಪೈಕಿಯೇ? ಬೆಲ್ಟನ್ನು ನಾನೇ ತೊಟ್ಟು, ಸವಾರಿ ಅಂಗಳದ ಸುತ್ತಲಿನ ಕಬ್ಬಿಣದ ಪೈಪಿಗೆ ಹುಕ್ ಹಾಕಿ, ಮುಂದಕ್ಕೆ ವಾಲಿ ತೋರಿಸಿದೆ. "ನೋಡಿ, ಬೀಳ್ತೀನಾ?"

"ನೀವ್ ಬೀಳಲ್ಲ ಸಾರ್. ಪೈಪು ಓಡಲ್ವಲ್ಲ. ಇದು ಓಡ್ತದೆ."



ಆಮೇಲೆ ಅವರು ಚಿನ್ನುವನ್ನು ನನ್ನ ಹತ್ತಿರಕ್ಕೇ ಕರೆತಂದು ತಮ್ಮ ಸೇಫ್ಟಿ ತೋರಿಸಿದರು. ಚಿನ್ನುವಿನ ಕತ್ತಿಗೆ ಒಂದು ಹಳೆಯ ಚರ್ಮದ ಪಟ್ಟಿ. ಕುದುರೆ ಕುಪ್ಪಳಿಸಿದರೆ ಲಗಾಮಿಗೆ ಜೋತುಬೀಳದೆ ಇದನ್ನು ಹಿಡಿಯಬೇಕಂತೆ. ಸರಿ, ಒಪ್ಪೋಣ. ಇನ್ನು ಕಾಲಿಡುವ ಸ್ಟಿರಪ್. ಅದರ ಹೊರಪಕ್ಕದಲ್ಲಿ ಕಬ್ಬಿಣವೇ ಇಲ್ಲ, ದಪ್ಪ ರಬ್ಬರ್ ಬ್ಯಾಂಡ್! ಬೀಳುವಾಗ ಕಾಲು ಸಿಕ್ಕಿಕೊಂಡರೆ ಬ್ಯಾಂಡ್ ಕಳಚಿಕೊಂಡು ಕಾಲನ್ನು ಬಿಟ್ಟುಬಿಡುತ್ತದಂತೆ. ಕಳಚಿಕೊಳ್ಳಲೆಂದೇ ಮಾಡಿದ ಸೇಫ್ಟಿ ಸಾಮಾನನ್ನು ನನ್ನ ಸರ್ವಿಸ್‌ನಲ್ಲಿ ನೋಡಿರಲಿಲ್ಲ.

ನನ್ನ ತಲೆ ಮೊಸರುಗಡಿಗೆಯಾಯಿತು. "ಕೈಗೆ ಹಿಡ್ಕೊಳ್ಳೋಕೆ ಒಂದು, ಕಾಲಿಗೆ ಬಿಟ್ಟುಹೋಗೋಕೆ ಒಂದು. ಹಿಡ್ಕೋಬೇಕೋ, ಬಿಡಬೇಕೋ?"

"ಹಿಡ್ಕಬೇಕು ಸಾರ್. ಆಗ್ನಿಲ್ಲ ಅಂದ್ರೆ ಬಿಟ್ಬುಡ್ಬೇಕು."

"ಯಾವಾಗ ಅಂತ ಗೊತ್ತಾಗೋದು ಹೇಗೆ?"

"ಗೊತ್ತಾಯ್ತದೆ."

ಇದನ್ನು ಯಾವ ಟ್ರೈನಿಂಗ್ ಪುಸ್ತಕದಲ್ಲಿ ಬರೆಯಲಿ, ನೀವೇ ಹೇಳಿ?

ಅಷ್ಟರಲ್ಲಿ ಸುಮಾ ಹೆಲ್ಮೆಟ್ ಬಿಗಿದು ಹತ್ತಿಯೇ ಬಿಟ್ಟಿದ್ದಳು. "ರೀ, ನಿಮ್ಮ ಮೀಟಿಂಗ್ ಮುಗಿದ್ರೆ ನಾನು ಹೊರಡ್ತೀನಿ." ಎರಡು ಸುತ್ತು ಚೆನ್ನಾಗಿಯೇ ಆಯಿತು. ಮೂರನೆಯದರಲ್ಲಿ, ಪಕ್ಕದ ಗುಲಾಬಿ ತೋಟದ ಪಾಲಿಹೌಸ್‌ನ ಪ್ಲಾಸ್ಟಿಕ್ ಗಾಳಿಗೆ ಪಟಪಟ ಅಂದಿತು. ಚಿನ್ನು ತಲೆ ತಗ್ಗಿಸಿತು.

"ಪಟ್ಟಿ ಹಿಡ್ಕಳಮ್ಮಾ! ಹಿಂದಕ್ಕೆ ವಾಲ್ಕಳಮ್ಮಾ!"

ಹಿಡಿದಳು. ಒಂದು ಸಲ ಎಸೆಯಿತು, ಕೂತಿದ್ದಳು. ಇನ್ನೊಂದು ಸಲ, ಆಗಲೂ ಕೂತಿದ್ದಳು. ಮೂರನೆಯದಕ್ಕೆ ಪಟ್ಟಿ ಬಿಟ್ಟು ಪಕ್ಕಕ್ಕೆ ಉರುಳಿದಳು. ಎಡಗಾಲು ಮಾತ್ರ ಸ್ಟಿರಪ್‌ನಲ್ಲೇ ಇತ್ತು. ಟಪ್ ಅಂತ ರಬ್ಬರ್ ಕಳಚಿತು. ಅವಳು ನೆಲದ ಮೇಲೆ, ಕುದುರೆ ಖಾಲಿ ಬೆನ್ನಿನಲ್ಲಿ ಆ ಮೂಲೆಗೆ.

ನಾನು ಓಡಿದೆ.

ಎರಡೇ ಹೆಜ್ಜೆ. ಯಾರೋ ಹಿಂದಿನಿಂದ ಸೆಳೆದಂತಾಗಿ ಅಂಗಾತ ಬಿದ್ದೆ. ಕೈ ಮೈಯಡಿ ಸಿಕ್ಕಿ ಉಳುಕಿತು. ತಲೆ ಎತ್ತಿ ನೋಡಿದರೆ ನನ್ನ ಹುಕ್ ಇನ್ನೂ ಪೈಪಿನಲ್ಲೇ ಇದೆ. ತೋರಿಸಲು ಹಾಕಿದ್ದನ್ನು ತೆಗೆಯಲು ಮರೆತಿದ್ದೆ.

ಸುಮಾ ಎದ್ದಳು. ಮಣ್ಣು ಕೊಡವಿಕೊಂಡು ನನ್ನ ಹತ್ತಿರ ಬಂದಳು. "ಏಟಾಯ್ತೇನ್ರೀ?" ಅನ್ನುತ್ತಲೇ ಹುಕ್ ಬಿಡಿಸಿದಳು. ಅದು ನಾನು ಕೇಳಬೇಕಾದ ಮಾತು. ಅವಳ ತಲೆ, ಭುಜ, ಕಾಲು ಎಲ್ಲ ಮುಟ್ಟಿ ಮುಟ್ಟಿ ನೋಡಿದೆ. ಏನೂ ಆಗಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಕೈ ನೋವು ಅಂದೆ. ಅವಳು ನಂಬಿದಂತೆ ಕಾಣಲಿಲ್ಲ. ಹೋಗಿ ಮತ್ತೆ ಕುದುರೆ ಹತ್ತಿದಳು.

ಸೋಮವಾರ ಬಂತು. ಕೈಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಎಂದಿನಂತೆ ಕೆಲಸಗಾರರ ಮುಂದೆ ನಿಂತೆ. ಹುಕ್ ಹಾಕು ಅನ್ನಬೇಕು, ಮಾರಪ್ಪನವರ ಮಾತು ನೆನಪಾಯಿತು. ಪೈಪು ಓಡುವುದಿಲ್ಲ, ನಿಜ. ಆದರೆ ನಾನು ಓಡಬೇಕಾಗಿ ಬಂದರೆ? ಮುಂದಿನ ಸಾಲಿನ ವೆಲ್ಡರ್ ನಾಗರಾಜ ನನ್ನ ಕೈಯನ್ನೇ ನೋಡುತ್ತಿದ್ದ. ಪಾಪ, ನಿಜವಾದ ಕಾಳಜಿಯಿಂದಲೇ ಕೇಳಿದ:

"ಎಲ್ಲಿಂದ ಬಿದ್ರಿ ಸಾರ್? ಬೆಲ್ಟು ಆಕ್ಕೊಂಡಿರ್ನಿಲ್ವಾ?"